ಐದನೆಯ ಡಬ್ಬಿಯ ಹಳದಿ ಬೊಟ್ಟು

“ಮುಟ್ಟಬೇಡಿ ಅಂಕಲ್!”

ಶ್ರದ್ಧಾ ಕೂಗಿದ ರಭಸಕ್ಕೆ ಕೃಷ್ಣಸ್ವಾಮಿಯವರ ಕೈ ಡಬ್ಬಿಯಿಂದ ಗೇಣು ದೂರದಲ್ಲೇ ನಿಂತಿತು.

ಊಟದ ತಟ್ಟೆಯಷ್ಟು ಅಗಲದ ತಗಡಿನ ಡಬ್ಬಿ. ಅಂಚಿಗೆಲ್ಲ ತುಕ್ಕು. ಮುಚ್ಚಳದ ಸಂದಿನಿಂದ, ಒದ್ದೆ ಕಾಲುಚೀಲವನ್ನು ಜೇನುತುಪ್ಪದಲ್ಲಿ ಅದ್ದಿಟ್ಟಂಥ ವಾಸನೆ. ಬಾಸ್ಕಿಂಗ್ ರಿಡ್ಜ್‌ನ ತನ್ನ ಮನೆಯ ಬೇಸ್‌ಮೆಂಟಿನಲ್ಲಿ ವಿಕ್ರಾಂತ್ ಅದನ್ನು ಗಾಜಿನ ಕಪಾಟಿನೊಳಗೆ, ಪುಟ್ಟ ಸ್ಪಾಟ್‌ಲೈಟಿನ ಕೆಳಗೆ, ಉತ್ಸವಮೂರ್ತಿಯ ಹಾಗೆ ಕೂರಿಸಿದ್ದ.

“ಮೊದಲು ಆ ಲೈಟ್ ಆಫ್ ಮಾಡಿ,” ಎಂದಳು ಶ್ರದ್ಧಾ. ಹಳೆಯ ಫಿಲ್ಮುಗಳನ್ನು ದುರಸ್ತಿ ಮಾಡುವ ಲ್ಯಾಬಿನ ಹುಡುಗಿ. ಇಪ್ಪತ್ತೆಂಟಕ್ಕೇ ಡಾಕ್ಟರಮ್ಮನ ಗದರಿಕೆ ಬಂದುಬಿಟ್ಟಿತ್ತು. “ಇದು ನೈಟ್ರೇಟ್ ಫಿಲ್ಮ್. ಹೀಟ್ ಆದ್ರೆ ತಾನೇ ಹತ್ಕೊಳ್ಳುತ್ತೆ. ಆಮೇಲೆ ನೀರು ಹಾಕಿದ್ರೂ ಆರಲ್ಲ.”

“ಟೆಕ್ಸಸ್ ಸೆಕೆಯಲ್ಲೇ ನೂರು ವರ್ಷ ಬದುಕಿದೆ. ನನ್ನ ಎಲ್‌ಇಡಿ ಬಲ್ಬಿಗೆ ಸಾಯುತ್ತಾ?” ವಿಕ್ರಾಂತ್ ನಕ್ಕ. ಆದರೂ ಸ್ವಿಚ್ ಒತ್ತಿದ.

“ಟೆಕ್ಸಸ್,” ಎಂದರು ಕೃಷ್ಣಸ್ವಾಮಿ, ಬಾಯಲ್ಲಿ ಉಪ್ಪು ನೋಡುವವರಂತೆ.

ಫೋರ್ಟ್ ಲೀಯಲ್ಲಿ ನಿತ್ಯಾನಂದ ಪ್ರಭುಗಳು ಕೊಂಡ ಹೋಟೆಲ್ ಕಟ್ಟಡದ ನೆಲಮಾಳಿಗೆಯಲ್ಲಿ ಸಿಕ್ಕಿದ ಏಳು ಫಿಲ್ಮ್ ಡಬ್ಬಿಗಳಲ್ಲಿ ಐದನೆಯದು ಕಾಣೆಯಾಗಿ ಇವತ್ತಿಗೆ ಮೂರು ವಾರ. ಮೂರೇ ವಾರದ ಕೆಳಗೆ ಔಷಧಿ ಕಂಪನಿಯ ದೊಡ್ಡ ಅಧಿಕಾರಿಯಾದ ಈ ವಿಕ್ರಾಂತನಿಗೆ, ಟೆಕ್ಸಸ್‌ನ ಯಾವುದೋ ಮನೆಯವರು ಅಂಥದೇ ಒಂದು ಡಬ್ಬಿ ಮಾರಿದ್ದರಂತೆ.

ಗೋಡೆಗೆ ಒರಗಿಸಿಟ್ಟ ಫಲಕವನ್ನು ಕೃಷ್ಣಸ್ವಾಮಿ ನೋಡಿದರು. ಶನಿವಾರ ಫೋರ್ಟ್ ಲೀಯ ಪುಟ್ಟ ಸಿನಿಮಾ ಮ್ಯೂಸಿಯಮ್ಮಿನಲ್ಲಿ ‘ವಿಕ್ರಾಂತ್ ಗ್ಯಾಲರಿ’ ತೆರೆಯುವಾಗ ಬಾಗಿಲಲ್ಲೇ ನಿಲ್ಲಬೇಕಾದ ಫಲಕ. ಬಣ್ಣದ ಪೋಸ್ಟರು. ಅದರೊಳಗೆ ಬೀಸಣಿಗೆ ಹಿಡಿದ ಹೆಣ್ಣು, ಎಡಗೈಗೆ ಮಾತ್ರ ಕಪ್ಪು ಲೇಸಿನ ಗ್ಲೌಸು. ಕೆಳಗೆ ಇಂಗ್ಲಿಷಿನಲ್ಲಿ: ಅಮಪೋಲ ರಿಂಕೋನ್, ತನ್ನ ಚಿತ್ರವನ್ನು ತಾನೇ ಸುಟ್ಟ ತಾರೆ.

ಹೆಸರಿನ ಮುಂದಿನ ಆ ಮಾತುಗಳನ್ನು ಅಳಿಸಬೇಕೆಂದೇ ಯೂನಿಯನ್ ಸಿಟಿಯ ತೊಂಬತ್ತೈದು ವರ್ಷದ ಇನೆಸ್ ಕೃಷ್ಣಸ್ವಾಮಿಯವರನ್ನು ಹಿಡಿದಿದ್ದಳು. ಅಮಪೋಲ ಅವಳ ತಾಯಿ.

“ಶನಿವಾರದ ಒಳಗೆ,” ಎಂದಿದ್ದಳು ಮುದುಕಿ. “ಭಾನುವಾರದ ಗ್ಯಾರಂಟಿ ನನ್ನ ಡಾಕ್ಟರೂ ಕೊಡುವುದಿಲ್ಲ.”

ಅಮಪೋಲಳ ಬದುಕು ಕೃಷ್ಣಸ್ವಾಮಿಗೆ ಈಗ ಬಾಯಿಪಾಠವಾಗಿತ್ತು. ಮೆಕ್ಸಿಕೋದ ಮೆರಿಡಾ ಪಟ್ಟಣದಾಚೆ ಕತ್ತಾಳೆ ತೋಟದ ಕೂಲಿಯವರ ಮಗಳು. ಒಂಬತ್ತನೆಯ ವಯಸ್ಸಿಗೆ, ನಾರು ತೆಗೆಯುವ ಯಂತ್ರ ಎಡಗೈಯ ಕಿರುಬೆರಳಿನ ತುದಿಯನ್ನು ಕಿತ್ತುಕೊಂಡಿತು. ಹದಿನಾಲ್ಕಕ್ಕೆ ಟೆಂಟ್ ನಾಟಕದಲ್ಲಿ ಹಾಡು, ಹದಿನೇಳಕ್ಕೆ ಮೆಕ್ಸಿಕೋ ಸಿಟಿಯಲ್ಲಿ ಮೊದಲ ಮೂಕಿ ಚಿತ್ರ. ಹಾಲಿವುಡ್ಡಿಗೆ ಮೊದಲು ಸಿನಿಮಾದ ಊರೆಂದರೆ ಹಡ್ಸನ್ ದಡದ ಫೋರ್ಟ್ ಲೀ. ಹವಾನಾದಿಂದ ಹಡಗು ಹತ್ತಿ ಇಲ್ಲಿಗೆ ಬಂದಳು. ಎರಡು ವರ್ಷದಲ್ಲಿ ಮೂರು ಚಿತ್ರ. ಮುಗಿಯದ ನಾಲ್ಕನೆಯದರ ಡಬ್ಬಿಗಳೇ ನಿತ್ಯಾನಂದರ ನೆಲಮಾಳಿಗೆಯಲ್ಲಿ ಸಿಕ್ಕಿದ್ದು. ಮೊಂಡು ಬೆರಳು ಮರೆಸಲು ತೊಟ್ಟ ಗ್ಲೌಸೇ ಫ್ಯಾಷನ್ ಆಗಿ, ಹತ್ತು ಬೆರಳೂ ನೆಟ್ಟಗಿದ್ದ ಹೆಂಗಸರು ಒಂದೇ ಕೈಗೆ ಗ್ಲೌಸು ತೊಟ್ಟು ಪೇಟೆಯಲ್ಲಿ ಓಡಾಡಿದರು.

ಆಮೇಲೆ ೧೯೨೧ರ ಫೆಬ್ರವರಿ ಒಂಬತ್ತು. ಮಧ್ಯಾಹ್ನ ಮೂರಕ್ಕೆ ಸ್ಟುಡಿಯೋದ ಫಿಲ್ಮ್ ಗೋದಾಮಿಗೆ ಬೆಂಕಿ. ಮೂರೂ ಚಿತ್ರಗಳು ಬೂದಿ. ಒಳಗೊಂದು ಹೆಣ, ಗಂಡೋ ಹೆಣ್ಣೋ ತಿಳಿಯದಷ್ಟು ಕರಕಲು. ಪಕ್ಕದಲ್ಲಿ ಬಿದ್ದಿದ್ದ ಬೀಗದ ಕೈ ಗೊಂಚಲಿನಿಂದ ಅದು ಕಾವಲುಗಾರ ತೋಬಿಯಾಸ್ ಎಂದು ಗುರುತಿಸಿದರು. ಹಿಂದಿನ ದಿನವಷ್ಟೇ ಅಮಪೋಲ ಮಾಲೀಕನ ಜೊತೆ ಜಗಳವಾಡಿ, “ನನ್ನ ಮುಖವನ್ನು ನಾನೇ ಅಳಿಸಿಬಿಡುತ್ತೇನೆ” ಎಂದು ಕಿರುಚಿದ್ದನ್ನು ಇಪ್ಪತ್ತು ಜನ ಕೇಳಿದ್ದರು.

ಸಾಕ್ಷಿಯಿಲ್ಲದೆ ಕೇಸು ನಿಲ್ಲಲಿಲ್ಲ. ಆದರೆ ಯಾರೂ ಮತ್ತೆ ಅವಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಲಿಲ್ಲ. ಯೂನಿಯನ್ ಸಿಟಿಯ ಕಸೂತಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೂಜಿ ಹಿಡಿದಳು. ಎಡಗೈಯ ಗ್ಲೌಸನ್ನು ಮಗಳ ಮುಂದೂ ಬಿಚ್ಚಲಿಲ್ಲ. ಅದರ ಸಮೇತವೇ ಮಣ್ಣಿಗೆ ಹೋದಳು.

“ಸರ್, ಕಾಫಿ?” ವಿಕ್ರಾಂತ್ ಕೇಳಿದ.

“ಬೇಡಪ್ಪ. ಈ ಕಲೆ ಏನು?”

ಮುಚ್ಚಳದ ಅಂಚಿನಲ್ಲಿ, ತುಕ್ಕಿನ ನಡುವೆ, ಹೆಬ್ಬೆಟ್ಟಿನಗಲದ ಹಳದಿ ಮಚ್ಚೆ.

ವಿಕ್ರಾಂತನ ಮುಖ ಅರಳಿತು. “ಕ್ಯಾಟಲಾಗಿನಲ್ಲೇ ಬರೆದಿದೀನಿ. ಟೆಕ್ಸಸ್‌ನ ಹಳದಿ ಮಣ್ಣು. ನೂರು ವರ್ಷ ಕೊಟ್ಟಿಗೆಯಲ್ಲಿ ಕೂತಿತ್ತಲ್ಲ. ಒರೆಸೋಕೆ ನನಗೆ ಮನಸ್ಸೇ ಬರಲಿಲ್ಲ. ಅದೇ ಇದರ ಜಾತಕ!”

ಕೃಷ್ಣಸ್ವಾಮಿ ಕೋಟಿನ ಜೇಬಿನಿಂದ ಎಲೆಯಡಿಕೆಯ ಪುಟ್ಟ ಡಬ್ಬಿ ತೆಗೆದರು. ಪ್ಲೇನ್ಸ್‌ಬರೋದ ಮನೆಯಲ್ಲಿ ಹೆಂಡತಿ ನಿಷೇಧಿಸಿದ ಮೇಲೆ ಅದು ಕೋಟಿನಲ್ಲೇ ಸಂಸಾರ ಹೂಡಿತ್ತು.

“ಸರ್, ಇಲ್ಲಿ ಉಗಿಯೋಕೆ ಜಾಗ ಇಲ್ಲ,” ಎಂದ ವಿಕ್ರಾಂತ್.

“ಹಾಕ್ಕೊಳ್ಳಲ್ಲ ಕಣಪ್ಪ. ಬೆಳಿಗ್ಗೆ ನಿತ್ಯಾನಂದರ ನೆಲಮಾಳಿಗೆಗೆ ಹೋಗಿದ್ದೆ. ಉಳಿದ ಆರು ಡಬ್ಬಿ ನೋಡೋಕೆ. ಅವರ ತಾಯಿ ಅಪ್ಪಿಯಮ್ಮನೂ ಇಳಿದು ಬಂದರು. ಬಂದೋರೇ ಒಂದು ರಂಪ.”

ಕೃಷ್ಣಸ್ವಾಮಿಯವರ ಮೈಸೂರು ಗಂಟಲಿನಿಂದ ಇದ್ದಕ್ಕಿದ್ದಂತೆ ಉಡುಪಿಯ ಎಂಬತ್ತರ ಮುದುಕಿ ಹೊರಬಂದಳು. “‘ಎಂತ ಮಾರಾಯ ಇದು? ಆಯುಧಪೂಜೆಗೆ ಗ್ರೈಂಡರಿಗೆ ಇಟ್ಟೆ, ಒಲೆಗೆ ಇಟ್ಟೆ, ಮಗನ ಟೆಸ್ಲಾಕ್ಕೆ ಇಟ್ಟೆ. ಎಲ್ಲ ಕೆಂಪು ಉಂಟು. ಈ ಡಬ್ಬಿಗಳಿಗೆ ಇಟ್ಟ ಕುಂಕುಮ ಮಾತ್ರ ಅರಿಶಿನ ಹೇಗಾಯ್ತು? ಯಾರು ತೆಗೆದದ್ದು ನನ್ನ ಕೆಂಪನ್ನು?’”

ಶ್ರದ್ಧಾ ಫಕ್ಕನೆ ನಕ್ಕಳು. ನಕ್ಕವಳು ಹಾಗೇ ನಿಂತಳು. ಡಬ್ಬಿಯತ್ತ ನೋಡಿದಳು.

“ಓ ಮೈ ಗಾಡ್. ಅಂಕಲ್, ಆ್ಯಸಿಡ್!”

“ನೀನೇ ಹೇಳಮ್ಮ. ನನ್ನದು ಬರೀ ಬಿ.ಎ.”

“ಆ ಅಜ್ಜಿ ಕುಂಕುಮ ಮನೆಯಲ್ಲೇ ಮಾಡಿರ್ತಾರೆ, ಅರಿಶಿನಕ್ಕೆ ಸುಣ್ಣ ಸೇರಿಸಿ. ಸುಣ್ಣ ಇರೋದಕ್ಕೇ ಕೆಂಪು. ಫಿಲ್ಮ್ ಕೊಳೆತಾಗ ಸಂದಿಯಿಂದ ಆ್ಯಸಿಡ್ ಗಾಳಿ ಬರುತ್ತೆ. ಅದು ಸುಣ್ಣದ ಶಕ್ತಿ ತಿಂದ್ರೆ...” ಅವಳು ಮಚ್ಚೆಯತ್ತ ಬೆರಳು ತೋರಿಸಿದಳು. “ವಾಪಸ್ ಅರಿಶಿನ.”

ಕೃಷ್ಣಸ್ವಾಮಿ ಕಡ್ಡಿಯ ತುದಿಗೆ ಸುಣ್ಣ ತೆಗೆದುಕೊಂಡು, ಒಂದು ಹನಿ ನೀರಿಗೆ ಕಲಸಿ, ಶ್ರದ್ಧಾಳ ಅನುಮತಿಗಾಗಿ ನೋಡಿದರು. ಅವಳು ತಲೆಯಾಡಿಸಿದಳು. ಹಳದಿ ಮಚ್ಚೆಯ ಒಂದು ಮೂಲೆಗೆ ಕಡ್ಡಿ ತಾಗಿಸಿದರು.

ಮೂಲೆ ಕೆಂಪಾಯಿತು.

ನೂರು ವರ್ಷದ ಟೆಕ್ಸಸ್ ಮಣ್ಣು ಮೂವರ ಕಣ್ಣೆದುರೇ ಮುತ್ತೈದೆಯಾಗಿತ್ತು.

“ಟೆಕ್ಸಸ್‌ನ ಕೊಟ್ಟಿಗೆಯಲ್ಲಿ ಆಯುಧಪೂಜೆ ಮಾಡಿದವರು ಯಾರು ವಿಕ್ರಾಂತ್?” ಕೃಷ್ಣಸ್ವಾಮಿಯವರ ದನಿಯಲ್ಲಿ ಈಗ ಯಾವ ಅನುಕರಣೆಯೂ ಇರಲಿಲ್ಲ. “ಹಾಸನದಲ್ಲಿ ಹುಟ್ಟಿ ಬೆಳೆದ ನಿನಗೆ ಬೊಟ್ಟು ಕಂಡರೆ ಬೊಟ್ಟು ಅನ್ನಿಸಲಿಲ್ಲವಲ್ಲ. ಸಾಕು, ಇನ್ನು ರೀಲು ಬಿಡಬೇಡ.”

ವಿಕ್ರಾಂತ್ ಮೆಲ್ಲನೆ ಸೋಫಾದಲ್ಲಿ ಕುಳಿತ.

“ಕದ್ದಿಲ್ಲ ಸರ್. ಉಳಿಸಿದೆ.”

“ಓಹೋ.”

“ಮಗಳ ಬರ್ತ್‌ಡೇ ಪಾರ್ಟಿಗೆ ಅವರ ಹೋಟೆಲ್ ಬುಕ್ ಮಾಡಿದ್ದೆ. ನಿತ್ಯಾನಂದರೇ ನೆಲಮಾಳಿಗೆ ತೋರಿಸಿದ್ರು. ಡಬ್ಬಿ ಎಲ್ಲಿಟ್ಟಿದ್ರು ಗೊತ್ತಾ? ಬಾಯ್ಲರ್ ಪಕ್ಕ! ‘ಥಂಡಿ ಹಿಡಿಯಬಾರದಲ್ಲ ಮಾರಾಯ್ರೆ’ ಅಂದ್ರು. ನೈಟ್ರೇಟನ್ನ ಬಾಯ್ಲರ್ ಪಕ್ಕ!”

ಕೃಷ್ಣಸ್ವಾಮಿ ಮೂವತ್ತು ವರ್ಷ ಇನ್ಶೂರೆನ್ಸ್ ಕಂಪನಿಗಾಗಿ ಸುಟ್ಟ ಮನೆಗಳ ಬೂದಿ ಕೆದಕಿದವರು. ಬೆಳಿಗ್ಗೆ ತಾವೇ ಮೊದಲು ಮಾಡಿದ ಕೆಲಸವೆಂದರೆ ಆ ಆರು ಡಬ್ಬಿಗಳನ್ನು ಅಲ್ಲಿಂದ ಹೊರಗೆ ಸಾಗಿಸಿದ್ದು.

“ಹೌದು, ಅದು ತಪ್ಪು,” ಎಂದರು. “ಹೇಳಬಹುದಿತ್ತಲ್ಲ? ಉಳಿಸೋನು ಏಳೂ ಉಳಿಸ್ತಾನೆ. ನೀನು ಒಂದೇ ಎತ್ತಿಕೊಂಡೆ. ಯಾಕೆ ಐದನೆಯದೇ?”

ವಿಕ್ರಾಂತ್ ಸೋಫಾದ ದಾರ ಕೀಳತೊಡಗಿದ.

“ತೆರೆದು ನೋಡಿದ್ದೀಯ.”

“ಹತ್ತೇ ಫ್ರೇಮು.” ವಿಕ್ರಾಂತ್ ನೆಲ ನೋಡುತ್ತಿದ್ದ. “ಮೊದಲಲ್ಲೇ ಸ್ಲೇಟು. ಡೇಟ್ ಇತ್ತು. ಫೆಬ್ರವರಿ ನೈನ್.”

ಶ್ರದ್ಧಾ ಡಬ್ಬಿಯಿಂದ ಫಲಕದತ್ತ ತಿರುಗಿದಳು.

“ಬೆಂಕಿ ಬಿದ್ದ ದಿನ,” ಎಂದಳು ಶ್ರದ್ಧಾ. “ಅಂದ್ರೆ ಆ ದಿನ ಅಮಪೋಲ ಬೇರೆ ಕಡೆ ಶೂಟಿಂಗ್‌ನಲ್ಲಿ ಇದ್ದಿದ್ರೆ, ಅದಕ್ಕೆ ಪ್ರೂಫು ಈ ಡಬ್ಬಿಯಲ್ಲೇ ಇದೆ. ಗೊತ್ತಿದ್ದೂ ಆ ಬೋರ್ಡ್ ಮಾಡಿಸಿದ್ರಾ ವಿಕ್ರಾಂತ್ ಅಂಕಲ್?”

“ಬೆಂಕಿ ಹಚ್ಚಿದವಳನ್ನ ನೋಡೋಕೆ ಜನ ಬರ್ತಾರೆ ಶ್ರದ್ಧಾ. ಹಚ್ಚದೇ ಇರೋಳನ್ನ ನೋಡೋಕೆ ಯಾರು ಬರ್ತಾರೆ?”

ಕೃಷ್ಣಸ್ವಾಮಿ ಬಂದು ಅವನ ಮುಂದೆ ನಿಂತರು. ಗದರಲಿಲ್ಲ.

“ಒಬ್ಬಳು ಬರ್ತಾಳಪ್ಪ. ವೀಲ್‌ಚೇರಿನಲ್ಲಿ. ಸ್ಕೂಲಿನಲ್ಲಿ ಬೆಂಕಿಪೊಟ್ಟಣದ ಮಗಳು ಅಂತ ಕರೆಸಿಕೊಂಡವಳು. ತೊಂಬತ್ತು ವರ್ಷದಿಂದ ಕಾಯ್ತಾ ಇದ್ದಾಳೆ.”

ವಿಕ್ರಾಂತ್ ಕಪಾಟಿನ ಬೀಗದ ಕೈ ತೆಗೆದು ಅವರ ಅಂಗೈಯಲ್ಲಿಟ್ಟ.

*

ಡಬ್ಬಿಯನ್ನು ಮನೆಯೊಳಗೆ ತೆರೆಯಲು ಶ್ರದ್ಧಾ ಒಪ್ಪಲಿಲ್ಲ. ಹಿತ್ತಲ ಡೆಕ್ಕಿನಲ್ಲಿ, ಬಾರ್ಬೆಕ್ಯೂ ಒಲೆಯಿಂದ ದೂರ, ಮೇಜು ಹಾಕಿಸಿದಳು. ನವೆಂಬರಿನ ಮೋಡ ಮುಚ್ಚಿದ ಬೆಳಕು. ಉದುರಿದ ಎಲೆಗಳು ಮೇಪಲ್ ಮರದ ಕೆಳಗೆ ಒದ್ದೆಯಾಗಿ ಅಂಟಿಕೊಂಡಿದ್ದವು.

ಮುಚ್ಚಳ ಕಿರುಗುಟ್ಟಿ ಬಂತು. ಸುರುಳಿಯ ಹೊರಸುತ್ತು ಜಿಗುಟಾಗಿ ಹೋಗಿತ್ತು. ಒಳಗಿನದು ಗಟ್ಟಿಯಿತ್ತು.

“ಲಕ್,” ಎಂದಳು. ಬಿಳಿ ಹತ್ತಿಯ ಗ್ಲೌಸು ತೊಟ್ಟು, ಅಡಿಯಡಿಯಾಗಿ ಬಿಚ್ಚಿ, ಆಕಾಶಕ್ಕೆ ಹಿಡಿದು, ಭೂತಗನ್ನಡಿಯಲ್ಲಿ ನೋಡತೊಡಗಿದಳು.

“ಸ್ಲೇಟು. ಒಂಬತ್ತನೇ ತಾರೀಖು, ಇಪ್ಪತ್ತೊಂದು. ಆಮೇಲೆ ನದಿ. ದೋಣಿ ಕಟ್ಟೆ. ಕಟ್ಟಡದ ಮೇಲೆ ಗಡಿಯಾರ ಇದೆ ಅಂಕಲ್... ಮೂರೂ ಹತ್ತು!”

ಕೃಷ್ಣಸ್ವಾಮಿ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಮೂರಕ್ಕೆ ಬೆಂಕಿ. ದೋಣಿ ಕಟ್ಟೆಯಿಂದ ಗೋದಾಮಿಗೆ ಗುಡ್ಡ ಹತ್ತಿ ಅರ್ಧ ಗಂಟೆಯ ದಾರಿ.

“ಅವಳಿದ್ದಾಳಾ?”

“ಇದ್ದಾಳೆ. ದೂರದಲ್ಲಿ. ಮುಖಕ್ಕೆ ವೇಲ್ ಇದೆ. ಕಪ್ಪು ಗ್ಲೌಸು ಕಾಣ್ತಿದೆ, ಎಡಗೈಗೆ. ನಡೆದು ಬರ್ತಾಳೆ. ಹತ್ತಿರ ಬಂದಳು.”

“ಇನೆಸ್‌ಗೆ ಫೋನ್ ಹಚ್ಚಮ್ಮ.”

ಶ್ರದ್ಧಾ ವಿಡಿಯೋ ಕಾಲ್ ಮಾಡಿದಳು. ತೆರೆಯ ತುಂಬ ಸುಕ್ಕುಗಟ್ಟಿದ ಮುಖ, ಕೆಂಪು ಲಿಪ್‌ಸ್ಟಿಕ್. ಇನೆಸ್ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದಳು, ಖುಷಿಯಾದಾಗ ಮಾತ್ರ ಸ್ಪ್ಯಾನಿಷ್ ನುಸುಳುತ್ತಿತ್ತು. “ಸಿಕ್ಕಿತೇ? ನಾನು ಲಿಪ್‌ಸ್ಟಿಕ್ ಹಚ್ಚಿಕೊಂಡು ಕೂತಿದ್ದೇನೆ. ಅಮ್ಮನನ್ನು ನೋಡುವಾಗ ಸಭ್ಯವಾಗಿರಬೇಕು.”

“ದೋಣಿ ಕಟ್ಟೆಯ ಗಡಿಯಾರದಲ್ಲಿ ಮೂರೂ ಹತ್ತು. ಒಂದೇ ನಿಮಿಷ,” ಎಂದರು ಕೃಷ್ಣಸ್ವಾಮಿ.

“ಇಲ್ಲಿ ಸೀನ್ ಮುಗೀತು ಅನ್ಸುತ್ತೆ,” ಶ್ರದ್ಧಾ ಕನ್ನಡದಲ್ಲಿ ಗೊಣಗಿದಳು. “ಆಗೆಲ್ಲ ಕ್ಯಾಮೆರಾದ ಹಿಡಿಕೆ ಕೈಯಲ್ಲೇ ತಿರುಗಿಸೋರು. ಕಟ್ ಅಂದ್ಮೇಲೂ ಎರಡು ಸುತ್ತು ಜಾಸ್ತಿ ಓಡ್ತಿತ್ತು. ವೇಲ್ ಎತ್ತಿದಳು. ನಗ್ತಿದ್ದಾಳೆ. ಪಾಪ, ಚಳಿ. ಗ್ಲೌಸು ಕಿತ್ತು ಕೈಗೆ ಬಿಸಿ ಊದಿಕೊಳ್ತಿದ್ದಾಳೆ...”

ಅವಳು ಭೂತಗನ್ನಡಿಯನ್ನು ಇನ್ನೂ ಹತ್ತಿರ ತಂದಳು.

“ಏನಮ್ಮ?”

ಭೂತಗನ್ನಡಿಯನ್ನು ಅವಳು ಅವರ ಕೈಗೆ ಕೊಟ್ಟಳು.

ಉಗುರಿನಷ್ಟು ಚಿತ್ರದೊಳಗೆ ಒಂದು ಎಳೆಯ ಹೆಣ್ಣು ಎಡಗೈಯನ್ನು ತುಟಿಯ ಹತ್ತಿರ ಹಿಡಿದಿದ್ದಳು. ಬಾಯಿಂದ ಬಿಳಿ ಉಸಿರು. ಹೆಬ್ಬೆರಳು, ತೋರು, ನಡು, ಉಂಗುರ. ಕಿರುಬೆರಳೂ. ತುದಿಯವರೆಗೆ, ಉಗುರಿನವರೆಗೆ, ಪೂರ್ತಿ.

ವಿಕ್ರಾಂತ್ ಹಿಂದಿನಿಂದ ಬಗ್ಗಿ ನೋಡಿದ. “ಐದೂ ಇದೆ! ಇವಳು ಅಮಪೋಲ ಅಲ್ಲ ಸರ್. ಡೂಪು! ದೂರದ ಶಾಟಿಗೆಲ್ಲ ಡೂಪು ಹಾಕೋರು.” ಅವನ ದನಿಗೆ ಜೀವ ಬಂತು. “ಅಂದ್ರೆ ಅಮಪೋಲ ದೋಣಿ ಕಟ್ಟೆಯಲ್ಲಿ ಇರಲೇ ಇಲ್ಲ. ಎಲ್ಲಿದ್ದಳು ಹಾಗಾದ್ರೆ? ನನ್ನ ಬೋರ್ಡ್ ಸರಿಯಾಗೇ ಇದೆ!”

“ಸುಮ್ಮನಿರ್ತೀಯಾ?”

ಫೋನಿನಲ್ಲಿ ಇನೆಸ್ ಕಾಯುತ್ತಿದ್ದಳು. “ನನಗೂ ತೋರಿಸಿ. ಒಂದು ಗಂಟೆ ಬೇಕಾದರೂ ಕಾಯುತ್ತೇನೆ, ಆದರೆ ತೋರಿಸಿ.”

ಏನು ಹೇಳುವುದು? ಇದು ನಿನ್ನ ತಾಯಿಯಲ್ಲ, ನಿನ್ನ ತಾಯಿಗೆ ಇದ್ದ ಒಂದೇ ಆಸರೆಯೂ ಹೋಯಿತು ಎಂದೇ? ಕೃಷ್ಣಸ್ವಾಮಿ ಶ್ರದ್ಧಾಳನ್ನು ನೋಡಿದರು. ಅವಳ ಕಣ್ಣು ತುಂಬಿತ್ತು. ಮುಚ್ಚಿಡುವ ಹಕ್ಕು ತಮಗಿಲ್ಲ ಅನ್ನಿಸಿತು. ವಿಕ್ರಾಂತ್ ಮಾಡಿದ್ದೂ ಅದನ್ನೇ ಅಲ್ಲವೇ?

“ಫೋಟೋ ತೆಗೆದು ಕಳಿಸು,” ಎಂದರು.

ಭೂತಗನ್ನಡಿಯ ಮೂಲಕ ತೆಗೆದ ಚಿತ್ರ ಯೂನಿಯನ್ ಸಿಟಿಗೆ ಹೋಯಿತು. ಇನೆಸ್ ಟ್ಯಾಬ್ಲೆಟ್ಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಮುಖ ಕಾಣದಾಯಿತು. ಬರೀ ಉಸಿರಾಟ.

“ಮಮಾ,” ಎಂದಳು.

“ಇನೆಸ್, ಸ್ವಲ್ಪ ಸರಿಯಾಗಿ ನೋಡಿ. ಇವರು...”

“ನನ್ನ ಅಮ್ಮನನ್ನು ನನಗೆ ಪರಿಚಯಿಸಬೇಡಿ ಮಿಸ್ಟರ್ ಸ್ವಾಮಿ!” ಅಳುವಿನಲ್ಲೂ ಗದರಿದಳು. “ಆ ಹುಬ್ಬು. ನಗುವಾಗ ಎಡಗಡೆ ಮಾತ್ರ ಏಳುವ ಆ ತುಟಿ. ಆ ಪೋಸ್ಟರಿನಲ್ಲಿ ಅಮ್ಮ ನನಗೆ ಎಂದೂ ಅಮ್ಮನಂತೆ ಕಂಡಿಲ್ಲ. ಪೌಡರು, ಬಣ್ಣ ಅಂದುಕೊಂಡಿದ್ದೆ. ಇದು ನನ್ನ ಅಮ್ಮ. ರೊಟ್ಟಿ ತಟ್ಟಿದವಳು, ಜಡೆ ಹಾಕಿದವಳು.”

ಕೃಷ್ಣಸ್ವಾಮಿ ಭೂತಗನ್ನಡಿಯನ್ನು ಮತ್ತೆ ಆ ಕಿರುಬೆರಳಿನ ಮೇಲೆ ಹಿಡಿದರು.

ಆಯುಷ್ಯವಿಡೀ ಬಿಚ್ಚದ ಆ ಗ್ಲೌಸು ಮುಚ್ಚಿದ್ದು ಇಲ್ಲದ ಬೆರಳನ್ನಲ್ಲ. ಇದ್ದ ಬೆರಳನ್ನು.

ಡೂಪಾಗಿದ್ದವಳು ಅಮಪೋಲ ಎಂಬ ಹೆಸರಿನಲ್ಲಿ ಬಾಳಿದ್ದಳು. ಆ ಹೆಸರಿಗೆ ಅಂಟಿದ ಕಳಂಕವನ್ನೂ ಹೊತ್ತು, ಒಂದು ಮಾತಾಡದೆ. ಹಾಗಾದರೆ ಹೆಸರಿನ ಒಡತಿ?

ಅವರು ಚೀಲ ಎಳೆದು, ಕೌಂಟಿ ದಫ್ತರದಿಂದ ನಕಲು ಮಾಡಿಸಿದ್ದ ೧೯೨೧ರ ಶವಪರೀಕ್ಷೆಯ ವರದಿ ತೆಗೆದರು. ಹತ್ತು ಸಲ ಓದಿದ ಕಾಗದ. ಹತ್ತು ಸಲವೂ ಎರಡನೇ ಪುಟದ ಆ ಸಾಲಿನ ಮೇಲೆ ಕಣ್ಣು ಹಾಯಿಸಿ, ಕೂಲಿ ಮಾಡಿದ ಕಾವಲುಗಾರನ ಕೈ ಅಲ್ಲವೇ, ಹಾಗೇ ಇರುತ್ತದೆ ಎಂದು ಮುಂದೆ ಹೋಗಿದ್ದರು.

ಎಡಗೈ ಕಿರುಬೆರಳಿನ ತುದಿ ಇಲ್ಲ. ಹಳೆಯ ಗಾಯ, ಮೂಳೆ ಎಂದೋ ಮಾಗಿದೆ. ಬೆಂಕಿಯಿಂದಾದದ್ದಲ್ಲ.

ಶ್ರದ್ಧಾ ಓದಿ ಬಾಯಿಗೆ ಕೈ ಹಿಡಿದಳು. ವಿಕ್ರಾಂತ್ ಎರಡು ಸಲ ಓದಿದ.

“ಗೋದಾಮಿನಲ್ಲಿ ಸತ್ತಿದ್ದು ಕಾವಲುಗಾರ ಅಲ್ಲ, ಅಮಪೋಲಾನೇ? ಹಾಗಾದ್ರೆ ಅವನ ಬೀಗದ ಕೈ ಹೆಣದ ಪಕ್ಕ ಹೇಗೆ ಬಂತು ಸರ್?”

“ಯಾರೋ ಇಟ್ಟರು,” ಎಂದರು ಕೃಷ್ಣಸ್ವಾಮಿ. “ಈಗ ಮಾತಾಡಬೇಡ.”

ಫೋನಿನಲ್ಲಿ ಇನೆಸ್ ಕಣ್ಣೊರೆಸಿಕೊಂಡು ನಗುತ್ತಿದ್ದಳು. “ಗಡಿಯಾರ ಮೂರೂ ಹತ್ತು ಅಂದಿರಲ್ಲ? ಅಮ್ಮ ಬೆಂಕಿಯ ಹತ್ತಿರ ಇರಲೇ ಇಲ್ಲ. ನೀವು ತೊಳೆದುಬಿಟ್ಟಿರಿ ಮಿಸ್ಟರ್ ಸ್ವಾಮಿ, ತೊಳೆದುಬಿಟ್ಟಿರಿ! ನನ್ನ ನೀಲಿ ಡ್ರೆಸ್ಸು ಇಸ್ತ್ರಿಗೆ ಕೊಡಬೇಕು.” ಅವಳು ಟ್ಯಾಬ್ಲೆಟ್ಟನ್ನು ಮತ್ತೆ ಹತ್ತಿರ ತಂದಳು. “ಅಮ್ಮನ ಕೈ ಎಷ್ಟು ಚೆಂದ ಇತ್ತು ನೋಡಿ. ನಾನು ನೋಡೇ ಇರಲಿಲ್ಲ. ಉನೊ, ದೋಸ್, ತ್ರೆಸ್...”

ಎಣಿಕೆ ನಾಲ್ಕಕ್ಕೆ ನಿಧಾನವಾಯಿತು. ಐದಕ್ಕೆ ನಿಂತಿತು.

ಅವಳು ಟ್ಯಾಬ್ಲೆಟ್ಟನ್ನು ಕೆಳಗಿಳಿಸಿದಳು.

ಮುದುಕಿಯ ದನಿ ಮತ್ತೆ ಬಂತು. ಅದರಲ್ಲಿ ಅಳುವಿರಲಿಲ್ಲ.

“ಮಿಸ್ಟರ್ ಸ್ವಾಮಿ, ಶನಿವಾರ ನಾನು ಅಮ್ಮನ ಹೆಸರನ್ನು ಗಟ್ಟಿಯಾಗಿ ಹೇಳಬೇಕು ಅಂತಿದ್ದೆ. ಹೇಳಿ, ನನ್ನ ಅಮ್ಮನ ಹೆಸರೇನು?”